ಹಡಗಿನಿಂದ ಬರುವ ಕರೆ

ತಟ್ಟೆಯಲ್ಲಿ ಊಟ ಅರ್ಧ ಉಳಿದಿತ್ತು. ಅಜ್ಜಿಯ ಕಿರಿಯ ಮಗ ಎದ್ದೇಬಿಟ್ಟ.

“ಒಂದು ಸಿಗರೇಟು ಸೇದಿ ಬರ್ತೀನಿ,” ಎಂದು ಗೊಣಗಿ, ಬಾಗಿಲು ಎಳೆದುಕೊಂಡು ಹೊರಗೆ ಹೋದ. ಯಾರೂ ತಡೆಯಲಿಲ್ಲ. ಅವನು ಹೋದ ಬೆನ್ನಲ್ಲೇ ಅಜ್ಜಿಯ ಫೋನು ರಿಂಗಾಯಿತು.

ಕನ್ನಡಕದಂಗಡಿಯವರಿಗೆ ಮಾತ್ರ ಇದು ಸರಿಕಾಣಲಿಲ್ಲ. ಹೋದ ರಜೆಯಲ್ಲೂ ಹೀಗೇ ಆಗಿತ್ತು. ಅವರು ಕೆಳಗಿನ ಮಹಡಿಗೆ ಹೊಸದಾಗಿ ಬಂದ ಒಂಟಿಜೀವ. ಅಜ್ಜಿಗೆ ಕನ್ನಡಕ ಮಾಡಿಕೊಟ್ಟ ಪರಿಚಯ ಬೆಳೆದು, ರಜೆಯ ದಿನ ಈ ಮನೆಯ ಊಟಕ್ಕೆ ಕೂರುವಷ್ಟು ಸಲಿಗೆಯಾಗಿತ್ತು.

ರಜೆ ಬಂತೆಂದರೆ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸೋದರತ್ತೆ, ಭಾವ, ಮೊಮ್ಮಕ್ಕಳು, ಇಸ್ಪೀಟಿನಲ್ಲಿ ರಾಜಾರೋಷವಾಗಿ ಮೋಸ ಮಾಡುವ ಚಿಕ್ಕಪ್ಪ. ಕೆಳಗೆ ಬಸ್ಸುಗಳ ಹಾರನ್ನು, ಮೇಲೆ ಇವರ ನಗು. ಯಾವುದು ಜೋರೆಂದು ಹೇಳುವುದು ಕಷ್ಟ. ಆದರೆ ಫೋನು ಬಂದೊಡನೆ ಎಲ್ಲರ ಬಾಯಿಗೂ ಬೀಗ ಬೀಳುತ್ತಿತ್ತು. ಇವತ್ತೂ ಅಷ್ಟೇ, ಚಿಕ್ಕಪ್ಪ ಕೂಡ ಇಸ್ಪೀಟೆಲೆಗಳನ್ನು ಮಗುಚಿಟ್ಟ.

“ನನ್ನ ದೊಡ್ಡ ಮಗ. ಹಡಗಿನಲ್ಲಿ ಅಡುಗೆ ಮಾಡ್ತಾನೆ,” ಎಂದು ಅಜ್ಜಿ ಹೋದ ಸಲದಂತೆಯೇ ಅತಿಥಿಗೆ ಹೇಳಿ, ಫೋನು ಕಿವಿಗೊತ್ತಿಕೊಂಡರು. “ಊಟ ಆಯ್ತಾ ಮಗಾ? ನಿದ್ದೆ ಸರಿಯಾಗಿ ಬರುತ್ತಾ? ದನಿ ಯಾಕೋ ಸೋತಿದೆಯಲ್ಲೋ.”

ಯಾವಾಗ ಬರುತ್ತೀಯ ಎಂದು ಮಾತ್ರ ಕೇಳಲಿಲ್ಲ. ಸ್ವಾಭಿಮಾನಿ ಹೆಂಗಸು ಎಂದುಕೊಂಡರು ಕನ್ನಡಕದಂಗಡಿಯವರು.

ಹಿರಿಸೊಸೆ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಳು.

“ನೀವು ಮಾತಾಡಲ್ವಾ ತಾಯಿ? ನಿಮ್ಮ ಯಜಮಾನರಲ್ವಾ?” ಎಂದು ಕನ್ನಡಕದಂಗಡಿಯವರು ಅತ್ತ ತಿರುಗಿ ಕೇಳಿದರು.

“ನಾವು ಮಾತಾಡಿ ಮುಗಿಸಿದ್ದೀವಿ,” ಎಂದಳು ಅವಳು, ಈ ಕಡೆ ತಿರುಗದೆ. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಮುಂದಿನ ಮಾತಿಗೆ ಎಡೆಯಿರಲಿಲ್ಲ.

ಅಜ್ಜಿ ಗೋಡೆ ಹಿಡಿದುಕೊಂಡು, ಫೋನಿನೊಡನೆ ತಮ್ಮ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಇಷ್ಟು ದಿನ ಎಲ್ಲರ ನಡುವೆಯೇ ಮಾತಾಡುತ್ತಿದ್ದವರು! ಸೋದರತ್ತೆ ಗಾಬರಿಯಿಂದ ಭಾವನ ಮುಖ ನೋಡಿದರು.

ಕನ್ನಡಕದಂಗಡಿಯವರು ದನಿ ತಗ್ಗಿಸಿದರು. “ಕೇಳ್ತೀನಿ ಅಂತ ಬೇಜಾರಾಗಬೇಡಿ. ಅಣ್ಣ ತಮ್ಮನಿಗೆ ಆಗಿಬರಲ್ವಾ?”

“ಅಯ್ಯೋ, ಅವರಿಬ್ಬರೂ ಒಂದೇ ಜೀವದ ಹಾಗಿದ್ರು.”

“ಈಗ?”

“ಈಗ ಏನು ಹೇಳೋದು, ಬಿಡಿ.” ಸೋದರತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಕನ್ನಡಕದಂಗಡಿಯವರಿಗೆ ಅಷ್ಟು ಸಾಕಾಯಿತು. ಯಾವುದೋ ಸಣ್ಣ ಮಾತು ಬೆಳೆದು ಮನೆ ಒಡೆದದ್ದನ್ನು ಅವರು ಬೇಕಾದಷ್ಟು ನೋಡಿದ್ದರು. ಹೊರಗಿನವನು ಹೇಳಿದರೆ ಒಮ್ಮೊಮ್ಮೆ ನಾಟುತ್ತದೆ. ಆ ಹುಡುಗನೇನು ಕೆಟ್ಟವನಲ್ಲ. ಲಿಫ್ಟು ರಿಪೇರಿಯ ಕೆಲಸ. ತಾಯಿಗಾಗಿ ಔಷಧಿ ಅಂಗಡಿಗೆ ಓಡುವವನು ಅವನೇ, ಕಾಲೊತ್ತುವವನೂ ಅವನೇ. ಕೈಹಿಡಿದು ಒಳಗೆ ಕರೆತಂದು, ಅಣ್ಣನ ಜೊತೆ ಒಂದು ಮಾತು ಆಡಿಸಿದರೆ ಮುದುಕಿಯ ಎದೆ ತಣ್ಣಗಾದೀತು. ಅವರು ಕೈ ತೊಳೆದು ಹೊರಗೆ ಬಂದರು. ಸೋದರತ್ತೆ ಹಿಂದಿನಿಂದ ಕರೆದದ್ದು ಕೇಳಿಸಲಿಲ್ಲ.

ಕಿರಿಯವನು ಮಹಡಿ ಮೆಟ್ಟಿಲಿನ ತಿರುವಿನಲ್ಲಿ, ಬೆನ್ನು ಹಾಕಿ ಕೂತಿದ್ದ. ಸಿಗರೇಟಿನ ವಾಸನೆಯೇ ಇರಲಿಲ್ಲ. ಅವನ ಕಿವಿಯಲ್ಲೂ ಫೋನಿತ್ತು.

“ಹೂಂ ಅಮ್ಮ. ನಾಳೆ ಹಡಗು ಬಂದರು ಬಿಡುತ್ತೆ. ನೀನು ಔಷಧಿ ತಪ್ಪಿಸಬೇಡ.”

ಮಾತು ಅವನ ಬಾಯಿಂದಲೇ ಬಂದರೂ ಅದು ಅವನ ದನಿಯಲ್ಲ. ಗಡಸಾದ, ನಿಧಾನದ, ವಯಸ್ಸಿನಲ್ಲಿ ಹಿರಿಯನೊಬ್ಬನ ದನಿ. ದನಿ ಸ್ಥಿರವಾಗಿತ್ತು, ಇನ್ನೊಂದು ಕೈಯಿಂದ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದ.

ಕನ್ನಡಕದಂಗಡಿಯವರು ಇದ್ದಲ್ಲೇ ನಿಂತರು. ರಾಜಿ ಮಾಡಿಸಲು ಹೊರಟಿದ್ದ ಅಣ್ಣ ತಮ್ಮಂದಿರಲ್ಲಿ ಉಳಿದವನು ಒಬ್ಬನೇ ಎಂದು ಆಗ ಹೊಳೆಯಿತು. ಇಡೀ ಮನೆ ಸೇರಿ ಆ ಸಾವನ್ನು ತಾಯಿಯೊಬ್ಬಳಿಂದ ಮುಚ್ಚಿಟ್ಟಿದೆ ಎಂದೂ. ಸದ್ದಾಗದಂತೆ ಹಿಂದೆ ಸರಿಯಬೇಕೆಂದು ಕಾಲೆತ್ತಿದರು. ಅಷ್ಟರಲ್ಲಿ ಆ ನಿಶ್ಶಬ್ದದಲ್ಲಿ, ಫೋನಿನೊಳಗಿನಿಂದ ಅಜ್ಜಿಯ ದನಿ ಅವರಿಗೂ ಕೇಳಿಸಿತು.

“ಸಾಕು ಮಗಾ. ಅವನು ಹೋದದ್ದು ನನಗೆ ಮೊದಲ ಸಲ ನೀನು ಫೋನು ಮಾಡಿದಾಗಲೇ ಗೊತ್ತಾಯ್ತು. ಇವತ್ತಾದರೂ ನಿನ್ನ ದನಿಯಲ್ಲಿ ಒಂದ್ಸಲ ಅಮ್ಮ ಅನ್ನು.”