ಆ ತುದಿಯ ಬೆಳಕು

ತಾಲೂಕು ಆಸ್ಪತ್ರೆಯಲ್ಲಿ ಮರುದಿನ ಒಂದು ಕಷ್ಟದ ಹೆರಿಗೆಯಿತ್ತು. ಜಿಲ್ಲಾಸ್ಪತ್ರೆಯ ದೊಡ್ಡ ಡಾಕ್ಟರು ಪರದೆಯಲ್ಲಿ ನೋಡುತ್ತ ದಾರಿ ತೋರಿಸಬೇಕು; ಅದಕ್ಕೆ ಎರಡೂ ಊರಿನ ನಡುವಿನ ಗಾಜಿನೆಳೆಯಲ್ಲಿ ಬೆಳಕು ಹರಿಯಬೇಕು. ಆ ಬೆಳಕನ್ನು ಹೊಮ್ಮಿಸುವ ಹೆಬ್ಬೆರಳಿನಷ್ಟು ಮಾಡ್ಯೂಲನ್ನು ಈ ತುದಿಯ ಪೆಟ್ಟಿಗೆಗೆ ಸಿಕ್ಕಿಸುವುದು ನೀಲಾಂಬಿಕೆಯ ಕೆಲಸ. ಜಿಲ್ಲಾಸ್ಪತ್ರೆಯ ಆ ತುದಿಯಲ್ಲಿ ಮೀಟರು ಹಿಡಿದು ಬಂದ ಬೆಳಕನ್ನು ಅಳೆಯುವುದು ಮಾನಪ್ಪನ ಕೆಲಸ. ಕಳಿಸಿದ ಬೆಳಕು ಮುಟ್ಟಿತೋ ಇಲ್ಲವೋ ಕಳಿಸಿದವರ ಕಣ್ಣಿಗೆ ಕಾಣದು. ಒಡಹುಟ್ಟಿದವನಲ್ಲದಿದ್ದರೂ ಅವನ ಮಾತು ಅವಳಿಗೆ ದೇವರ ಮುಂದಿನ ದೀಪದಷ್ಟು ಸತ್ಯ.

“ಹೋದ ಸಲಾನೂ ಬೆಳಕು ಬಂತು ಅಂದಿದ್ರಲ್ರೀ ಅವರು,” ಎಂದಳು ನರ್ಸು. “ಹೆರಿಗಿ ನಡುವ ಪರದೆ ಕಪ್ಪಾತು. ಕೂಸು ಉಳೀಲಿಲ್ಲ.”

“ಮಾನಪ್ಪ ಸುಳ್ಳು ಹೇಳಾವಲ್ಲ ಸಿಸ್ಟರ್. ನಿಮ್ಮ ಮುಂದನ ಕೇಳ್ತೀನಿ, ತಡೀರಿ.” ಅವಳು ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. “ತಮ್ಮಾ, ಬೆಳಕು ಬಂತೇನೋ?”

“ಬಂತ್ರೀ ಅಕ್ಕಾರ! ಹಾಲು ಚೆಲ್ಲಿದಂಗ ಬಂದೈತಿ.”

“ಮೀಟರ್ ನೋಡಿ ಹೇಳು. ಚಹಾದಂಗಡ್ಯಾಗ ಕುಂತು ಹೇಳಬ್ಯಾಡ ಮತ್ತ.”

“ಮೀಟರ್ ಕೈಯಾಗ ಐತ್ರಿ, ನಿಮ್ಮಾಣಿಗೂ. ಇಷ್ಟು ಚೊಲೋ ಬೆಳಕು ಹಿಂದ ಎಂದೂ ಬಂದಿಲ್ಲ. ಕಣ್ಣು ಮುಚ್ಚಿ ವರದಿಗೆ ಸಹಿ ಮಾಡ್ರಿ.”

ನರ್ಸು ನಾಚಿದಳು. “ಹಂಗಾರ ನಂದೇ ತಪ್ಪು. ಸುಮ್ಮನ ಅವರ ಮ್ಯಾಲೆ ಸಂಶೆ ಪಟ್ಟೆ.”

ನೀಲಾಂಬಿಕೆ ಮುಷ್ಟಿ ಬಿಚ್ಚಿದಳು. ಇನ್ನೂ ಪೆಟ್ಟಿಗೆಗೆ ಸಿಕ್ಕಿಸದ ಮಾಡ್ಯೂಲು, ಬಾಯಿಗೆ ರಬ್ಬರ್ ಮುಚ್ಚಳ ಹಾಕಿಕೊಂಡೇ, ಅವಳ ಅಂಗೈಯಲ್ಲಿತ್ತು.