ಅಕ್ಕನ ಮಾತು

ತೋಕಿಲುಪೆ ವ್ಯಾನಿನಿಂದ ಇಳಿಯುವ ಮೊದಲೇ ಅವಳು ತಂದ ಪೆಟ್ಟಿಗೆ ಇಳಿಯಿತು. ಹದಿನೈದು ಕಿಲೋ ಸಿಪಿ. ಕುರಿಯ ಹೊಟ್ಟೆಭಾಗದ ಪದರ, ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ನ್ಯೂಜಿಲೆಂಡಿನಿಂದ ಹಿಮಗಟ್ಟಿ ಬರುತ್ತದೆ. ಟೋಂಗಾದಲ್ಲಿ ಅದಿಲ್ಲದ ಔತಣ ಔತಣವಲ್ಲ. ಅವತ್ತು ಔತಣಕ್ಕೆ ಕಾರಣವೂ ಇತ್ತು. ಅವಳ ತಮ್ಮ ಸೆಮಿಸಿ ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಬಲಗಾಲಿನ ಎರಡು ಬೆರಳು ಮಾತ್ರ ಬಂದಿರಲಿಲ್ಲ.

ಸೆಮಿಸಿಯ ಹೆಂಡತಿ ಲೆಸಿಯೇಲಿ ಹಿರಿಯರೆದುರು ಮರ್ಯಾದೆಗೆಂದು ಸೊಂಟಕ್ಕೆ ಸುತ್ತುವ ಚಾಪೆ ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು. ಗಂಡನ ಅಕ್ಕ ಜಗಲಿಯ ಕುರ್ಚಿಯಲ್ಲಿ ಕೂತಳು; ಇವಳು ಅವಳ ಕಾಲ ಬಳಿ ನೆಲದ ಮೇಲೆ. ತಮ್ಮನ ಮನೆಯಲ್ಲಿ ಅಕ್ಕನೇ ಎಲ್ಲರಿಗಿಂತ ದೊಡ್ಡವಳು. ತಮ್ಮನಾಗಲಿ ಅವನ ಮಕ್ಕಳಾಗಲಿ ಅವಳ ಮಾತಿಗೆ ಎದುರಾಡುವಂತಿಲ್ಲ.

"ಕುಳಿ ಒಲೆಗೆ ಕಲ್ಲು ಕಾಯಿಸೋಕೆ ಹೇಳು. ಮಧ್ಯಾಹ್ನಕ್ಕೆ ಚರ್ಚಿನವರೆಲ್ಲ ಬರ್ತಾರೆ."

"ಬೆಳಿಗ್ಗೇನೇ ಎಲ್ಲ ಬೇಯೋಕಿಟ್ಟು ಕುಳಿ ಮುಚ್ಚಿದೀನಿ ಅತ್ತಿಗೆ. ಮೀನಿದೆ, ಗೆಣಸಿದೆ, ಕೆಸುವಿನ ಸೊಪ್ಪಿದೆ."

"ಮೀನಾ? ನನ್ನ ತಮ್ಮ ಬದುಕಿ ಬಂದಿದಾನೆ. ಸಿಪಿಗೂ ಗತಿಯಿಲ್ಲದ ಮನೆ ಅಂತ ಜನ ಆಡ್ಕೊಳ್ಳಲ್ವಾ?"

ಆಡಿಕೊಳ್ಳುವುದು ನಿಜ. ಮೂವತ್ತು ವರ್ಷ ಹವಳದ ದಿಬ್ಬದಲ್ಲಿ ಬಲೆ ಬೀಸಿದ ಸೆಮಿಸಿಯೇ ತನ್ನ ಒಳ್ಳೆಯ ಮೀನನ್ನೆಲ್ಲ ಪೇಟೆಯಲ್ಲಿ ಮಾರಿ, ಆ ದುಡ್ಡಿಗೆ ಸಿಪಿಯನ್ನೂ ಡಬ್ಬಿ ಮಾಂಸವನ್ನೂ ಕೊಂಡು ಮನೆಗೆ ಬರುತ್ತಿದ್ದ. ಮೀನು ಅಂದರೆ ಬಡವರ ಊಟ. ಮೈತುಂಬಿದವನು ಉಳ್ಳವರ ಮನೆಯವನು.

ಗೋಡೆಯಾಚೆಯಿಂದ ಅವನ ದನಿ ಕೇಳಿತು. ಬೆಳೆದ ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕೂರುವ ಪದ್ಧತಿಯಿಲ್ಲ; ಅವನು ಒಳಗೆ ಮಲಗಿಯೇ ಮಾತಾಡಿದ.

"ಲೆಸೀ, ಅಕ್ಕ ತಂದಿದ್ದನ್ನ ಯಾರಾದ್ರೂ ಬೇಡ ಅಂತಾರಾ? ನಂಗೆ ಒಂದೇ ತುಂಡು ಸಾಕು. ಅಂಚು ಗರಿಗರಿಯಾಗಿರೋದು."

"ಕೇಳಿದ್ರಲ್ಲ," ಎಂದಳು ಲೆಸಿಯೇಲಿ ತಗ್ಗಿದ ದನಿಯಲ್ಲಿ. "ಆಸ್ಪತ್ರೇಲೂ ಇದೇ ಜಪ. ಡಾಕ್ಟರು ಹೇಳಿದ್ರೆ ತಲೆ ಆಡಿಸ್ತಾರೆ, ನಾನು ಹೇಳಿದ್ರೆ ನಗ್ತಾರೆ. ತೂಕ ಇಳೀಬೇಕು, ಸಕ್ಕರೆ ಇಳೀಬೇಕು. ಇನ್ನೊಂದು ಹುಣ್ಣಾದ್ರೆ ಮೊಣಕಾಲಿನ ಕೆಳಗೆ ತೆಗೀತಾರಂತೆ."

ತೋಕಿಲುಪೆ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿದಳು. "ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ನಾನು ತುತ್ತಿಟ್ಟು ಬೆಳೆಸಿದೆ. ಒಂದು ದಿನ ಅವನನ್ನ ಹಸಿದು ಮಲಗೋಕೆ ಬಿಟ್ಟವಳಲ್ಲ. ಈಗ ನನ್ನ ಕೈ ತಡೀತೀಯಾ ನೀನು?"

"ತಡೆಯೋಕೆ ನಾನ್ಯಾರು? ಬೇಯಿಸು ಅನ್ನಿ, ಈಗಲೇ ಕುಳಿ ತೆಗೆದು ಹಾಕ್ತೀನಿ. ಆದ್ರೆ ನಿಮ್ಮ ಮಾತು ಮೀರೋ ಗಂಡಸು ಈ ಮನೇಲಿಲ್ಲ ಅತ್ತಿಗೆ. ತಿನ್ನು ಅಂದ್ರೆ ತಿಂತಾರೆ, ಬಿಡು ಅಂದ್ರೆ ಬಿಡ್ತಾರೆ. ಹೇಳಬಲ್ಲೋರು ನೀವೊಬ್ರೇ. ಅದಕ್ಕೇ ಬೆಳಿಗ್ಗೆಯಿಂದ ನಿಮ್ಮ ದಾರಿ ಕಾಯ್ತಿದ್ದೆ."

ಬಿಸಿಲಿಗೆ ಪೆಟ್ಟಿಗೆಯ ಅಡಿಯಿಂದ ನೀರು ಜಿನುಗತೊಡಗಿತ್ತು. ತೋಕಿಲುಪೆ ಕುರ್ಚಿಯಲ್ಲೇ ಗೋಡೆಯ ಕಡೆ ತಿರುಗಿದಳು. ಆಮೇಲೆ, ಚಿಕ್ಕಂದಿನಲ್ಲಿ ಅವನನ್ನು ಕಡಲಿನಿಂದ ಕರೆಯುತ್ತಿದ್ದಂತೆ ಗಟ್ಟಿಯಾಗಿ ಕೂಗಿದಳು.

"ಸೆಮಿಸಿ."

"ಏನಕ್ಕಾ?"

"ಇವತ್ತಿಂದ ಈ ಮನೇಲಿ ಸಿಪಿ ಬೇಯಲ್ಲ. ಬೇರೆಯವರ ಮನೇಲೂ ನೀನು ಮುಟ್ಟಬಾರದು. ಹೇಳ್ತಿರೋದು ನಾನು."

ಒಳಗೆ ಮಂಚ ಕಿರುಗುಟ್ಟಿತು. "ಆಗಲಿ ಅಕ್ಕ," ಎಂಬ ಮಾತು ಬರಲು ತಡವಾಯಿತು, ಆದರೆ ಬಂತು. ಲೆಸಿಯೇಲಿ ಅತ್ತಿಗೆಯ ಕೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡಳು.

ಮಧ್ಯಾಹ್ನ ಬಂದವರು ಬಾಳೆಲೆಯ ಮೇಲಿನ ಸುಟ್ಟ ಮೀನು ನೋಡಿ ಮುಖ ಮುಖ ನೋಡಿಕೊಂಡರು. ಚರ್ಚಿನ ಹಿರಿಯನೊಬ್ಬ, "ಸೆಮಿಸಿ ಆಸ್ಪತ್ರೆಯಿಂದ ಬಂದನೋ, ನಾವೇ ಆಸ್ಪತ್ರೆಗೆ ಬಂದ್ವೋ?" ಎಂದ. ತೋಕಿಲುಪೆ ಎಲ್ಲರೂ ಕಾಣುವಂತೆ ಮೊದಲ ಮೀನನ್ನು ತಾನೇ ಮುರಿದುಕೊಂಡಳು. "ಬೇಡದವರು ಎದ್ದು ಹೋಗಬಹುದು," ಎಂದಳು. ಯಾರೂ ಏಳಲಿಲ್ಲ. ಹಿರಿಯ ಎರಡು ಸಲ ಗೆಣಸು ಹಾಕಿಸಿಕೊಂಡ.

ಹೊರಡುವಾಗ ವ್ಯಾನಿನವನು ಪೆಟ್ಟಿಗೆಯನ್ನು ಒಳಗೆ ಎತ್ತಿಟ್ಟ. ತೋಕಿಲುಪೆ ನಾಲ್ಕು ಹೆಜ್ಜೆ ನಡೆದು ಉಸಿರಿಗಾಗಿ ನಿಂತಳು. ಬಾಗಿಲ ಹಿಡಿಯ ಮೇಲೆ ಎರಡೂ ಕೈ ಊರಿ, ಎರಡನೆಯ ಪ್ರಯತ್ನಕ್ಕೆ ಹತ್ತಿ ಕೂತಳು. ಊದಿದ ಪಾದಗಳಿಗೆ ಚಪ್ಪಲಿಯ ಪಟ್ಟಿ ಕಚ್ಚಿಕೊಂಡಿತ್ತು.

ಲೆಸಿಯೇಲಿ ಕೈ ಚಾಚಿ ಪೆಟ್ಟಿಗೆಯ ಮೇಲಿಟ್ಟಳು. "ಇದು ಎಲ್ಲಿಗೆ ಅತ್ತಿಗೆ?"

"ನನ್ನ ಮನೆಗೆ. ಇನ್ನೆಲ್ಲಿಗೆ?" ತೋಕಿಲುಪೆ ನಕ್ಕಳು. "ನನಗೆ ಬೇಡ ಅನ್ನೋಕೆ ಇದ್ದವಳು ನಮ್ಮ ಸೋದರತ್ತೆ, ಅಪ್ಪನ ಅಕ್ಕ, ಒಬ್ಬಳೇ. ಅವಳು ಹೋಗಿ ಒಂಬತ್ತು ವರ್ಷ ಆಯ್ತು."

ವ್ಯಾನು ಗುರುಗುಟ್ಟಿತು. ಲೆಸಿಯೇಲಿ ಪೆಟ್ಟಿಗೆಯ ಮೇಲಿನ ಕೈಯನ್ನು ತೆಗೆಯಲಿಲ್ಲ.