ಕೆಂಪು ಬೀಗ

ಮೂರನೇ ಸಲವೂ ಆ ಮನುಷ್ಯ ಮಗಳನ್ನು ಕರೆತಂದಿರಲಿಲ್ಲ.

ಮೇಡಂ ಗಡಿಯಾರ ನೋಡಿದರು. ಎರಡೂವರೆ. ಎಂಜಿನಿಯರಿಂಗ್ ಟೆಕ್ನಾಲಜಿ ಪದವಿಗೆ ಅರ್ಜಿ ತೆಗೆದುಕೊಳ್ಳುವುದು ಇವತ್ತು ನಾಲ್ಕರವರೆಗೆ ಮಾತ್ರ. ಯಾರು ಯಾವ ಕೋರ್ಸಿಗೆ ಸೇರಬೇಕೆಂದು ಸಲಹೆ ಕೊಡುವುದು ವಿಶ್ವವಿದ್ಯಾಲಯದಲ್ಲಿ ಅವರ ಕೆಲಸ. ಹನ್ನೊಂದು ವರ್ಷದಿಂದ ಅದೇ ಕುರ್ಚಿ. ಅಷ್ಟು ವರ್ಷದಲ್ಲಿ ಕಲಿತದ್ದು ಒಂದೇ: ಏನು ಬೇಕೆಂದು ಮಕ್ಕಳಿಗೆ ಗೊತ್ತಿರುತ್ತದೆ, ಬಾಯಿ ಬಿಡಲು ಅಪ್ಪಂದಿರು ಬಿಡುವುದಿಲ್ಲ. ಅವರ ಅಪ್ಪನೂ ಬಿಟ್ಟಿರಲಿಲ್ಲ. ಮೆಷಿನ್ನು ಬಿಚ್ಚಿ ಜೋಡಿಸುವ ಆಸೆಯಿದ್ದ ಹುಡುಗಿಯ ಅರ್ಜಿಯಲ್ಲಿ ತಾನೇ ‘ವಾಣಿಜ್ಯ’ ಎಂದು ಬರೆದು, ಮಗಳ ರುಜುವನ್ನೂ ತಾನೇ ಗೀಚಿದ್ದ ಪುಣ್ಯಾತ್ಮ. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಈಗ ಎದುರಿಗೆ ಕೂತವನು ರಟ್ಟಿನ ಡಬ್ಬ ಮಾಡುವ ಕಾರ್ಖಾನೆಯ ರಿಪೇರಿ ಮೇಸ್ತ್ರಿ. ಮಗಳು ತನ್ನ ಕೈಕೆಳಗೇ ಕೆಲಸ ಕಲಿತವಳು ಎಂದು ಮೊದಲ ದಿನವೇ ಹೇಳಿಕೊಂಡಿದ್ದ.

ಆತ ಮೇಜಿನ ಮೇಲೆ ಒಂದು ಹಾಳೆ ಬಿಡಿಸಿಟ್ಟ. ನೋಟ್‌ಬುಕ್ಕಿನಿಂದ ಹರಿದದ್ದು, ಹುಡುಗಿಯ ದುಂಡನೆಯ ಅಕ್ಷರ. ಮಡಿಕೆಗಳು ಸವೆದು ಹರಿದಲ್ಲೆಲ್ಲ ಅಂಟುಪಟ್ಟಿ ಹಚ್ಚಿತ್ತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೈಗಾರಿಕಾ ಸುರಕ್ಷತೆ ಎಂದು ಮೂರು ಹೆಸರು. ಮೂರನೆಯದರ ಸುತ್ತ ಒತ್ತಿ ಒತ್ತಿ ಗೆರೆ ಎಳೆದಿದ್ದಳು.

“ಅವಳಿಗೆ ಇದೇ ಬೇಕಿತ್ತು ಮೇಡಂ. ನಾನು ಎಲೆಕ್ಟ್ರಿಕಲ್ ತಗೋ ಅಂದೆ. ಹುಷಾರಾಗಿರಿ ಅಂತ ಹೇಳೋಕೆ ನಾಲ್ಕು ವರ್ಷ ಓದ್ಬೇಕಾ ಪುಟ್ಟಿ ಅಂತ ಎಲ್ಲರ ಮುಂದೆ ನಕ್ಕುಬಿಟ್ಟೆ.”

“ಈಗ ಅವಳು ಏನಂತಾಳೆ?”

“ಏನೂ ಅನ್ನಲ್ಲ. ಅವರಮ್ಮನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.”

ಬಿಡದೆ ಇನ್ನೇನು ಮಾಡ್ತಾಳೆ, ಎಂದುಕೊಂಡರು ಮೇಡಂ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಗಂಡಸಿನ ಹತ್ತಿರ ಎಷ್ಟು ದಿನ ಅಂತ ವಾದ ಮಾಡುವುದು?

“ಈ ಮೂರನೇ ಕೋರ್ಸು ಸಂಜೆ ಹೊತ್ತಿಗೆ ಇದೆಯಾ?” ಮೇಸ್ತ್ರಿ ಕೇಳಿದ. “ಹಗಲು ಡ್ಯೂಟಿ ಬಿಡೋಕಾಗಲ್ಲ.”

ಇದ್ದೇ ಇದೆಯಲ್ಲ ಇವನ ವರಸೆ. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿಸಬೇಕು, ಸಂಜೆ ಓದಿಸಿದೆ ಅಂತ ಹೆಸರೂ ಬರಬೇಕು. ಮೇಡಂ ಪೆನ್ನು ಕೆಳಗಿಟ್ಟರು.

“ಸಂಜೆ ತರಗತಿ ಇದೆ. ಆದ್ರೆ ಮೊದಲು ಅವಳನ್ನ ಕರ್ಕೊಂಡು ಬನ್ನಿ. ಅವಳ ಬಾಯಿಂದಲೇ ಕೇಳ್ತೀನಿ.”

“ಅವಳು ಬರೋ ಹಾಗಿಲ್ಲ ಮೇಡಂ.”

“ಮಗಳನ್ನ ಒಂದು ಮಾತು ಕೇಳೋಕೆ ನಿಮಗೇನ್ರೀ ಕಷ್ಟ?”

ಮೇಸ್ತ್ರಿ ಮುಖ ಕೆಳಗೆ ಹಾಕಿದ. “ಕೇಳ್ಬೇಕಿತ್ತು. ಒಂದೇ ಒಂದು ಸಲ ಕೂಗಿ ಕೇಳಿದ್ರೂ ಸಾಕಿತ್ತು.”

ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದ. ಅದರ ಜೊತೆಗೇ ಏನೋ ಹೊರಬಂದು ಮೇಜಿನ ಮೇಲೆ ಠಣ್ಣೆಂದು ಬಿತ್ತು. ಕೆಂಪು ಬಣ್ಣದ ಬೀಗ. ಅದಕ್ಕೊಂದು ಪ್ಲಾಸ್ಟಿಕ್ ಬಿಲ್ಲೆ. ಬಿಲ್ಲೆಯಲ್ಲಿ ಎರಡು ಜಡೆಯ ಹುಡುಗಿಯ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ‘ಯಾರೂ ಮುಟ್ಟಕೂಡದು.’

ಮೇಡಂ ಬಿಲ್ಲೆಯನ್ನು ಎರಡು ಸಲ ಓದಿದರು. ಬರೋ ಹಾಗಿಲ್ಲ ಎಂದರೆ ಹೀಗಾ? ಬೆಳೆದ ಹುಡುಗಿಯನ್ನು ಒಳಗೆ ಕೂಡಿಹಾಕಿ, ಇಂಥದೇ ಬೀಗ ಜಡಿದು, ಇಲ್ಲಿ ಬಂದು ಮೊಸಳೆ ಕಣ್ಣೀರು ಹಾಕುತ್ತಿದ್ದಾನೆ. ಹನ್ನೊಂದು ವರ್ಷದ ಸಿಟ್ಟು, ಅದಕ್ಕೂ ಹಿಂದಿನ ಸಿಟ್ಟು, ಎಲ್ಲ ಒಟ್ಟಿಗೇ ಉಕ್ಕಿ ಬಂತು.

“ನೀವೂ ಒಬ್ಬ ಅಪ್ಪನೇನ್ರೀ? ಮೊದಲು ಹೋಗಿ ಮನೆ ಬೀಗ ತೆಗೀರಿ. ಹುಡುಗಿ ಹೊರಗೆ ಬರಲಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೇಸ್ತ್ರಿಯ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಬೀಗವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಬಿಲ್ಲೆಯ ಮೇಲಿನ ಧೂಳನ್ನು ಹೆಬ್ಬೆರಳಿಂದ ಒರೆಸಿದ. ಆಮೇಲೆ ಫೈಲಿನೊಳಗಿಂದ ತುಂಬಿದ ಅರ್ಜಿ ತೆಗೆದು ಮುಂದೆ ಸರಿಸಿದ.

ಕೋರ್ಸು: ಕೈಗಾರಿಕಾ ಸುರಕ್ಷತೆ. ಅರ್ಜಿದಾರರ ಹೆಸರಿನ ಜಾಗದಲ್ಲಿ ಅವನದೇ ಹೆಸರು. ವಯಸ್ಸು ಐವತ್ತೊಂದು.

“ಇದು... ನಿಮಗಾ?” ಮೇಡಂ ಧ್ವನಿ ಇಳಿದಿತ್ತು.

“ನನಗೇ. ಇದು ಮನೆ ಬೀಗ ಅಲ್ಲ ಮೇಡಂ. ರಿಪೇರಿಗೆ ಮೆಷಿನ್ ಒಳಗೆ ಇಳಿಯೋ ಮುಂಚೆ ಸ್ವಿಚ್ಚಿಗೆ ಅವರವರ ಬೀಗ ಹಾಕ್ಕೋತೀವಿ. ಕೀಲಿ ಅವರವರ ಜೇಬಲ್ಲೇ. ಹಾಕಿದವರೇ ಹೊರಗೆ ಬಂದು ತೆಗೀಬೇಕು. ಮೇಸ್ತ್ರಿ ಅಂತ ನನ್ನ ಹತ್ರ ಮಾತ್ರ ಇನ್ನೊಂದು ಕೀಲಿ ಇತ್ತು.”

ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು. ಮೇಡಂ ಅರ್ಜಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಹೋದ ವರ್ಷ, ಹೀಗೇ ಅರ್ಜಿ ಕೊಡೋ ಕೊನೇ ದಿನ. ಬೆಳಿಗ್ಗೆ ನಾನೇ ಸೋತು, ‘ಆಯ್ತು ಪುಟ್ಟಿ, ನಿನಗಿಷ್ಟ ಬಂದಿದ್ದೇ ತಗೋ, ಮಧ್ಯಾಹ್ನ ಹೋಗಿ ಕೊಟ್ಟು ಬಾ’ ಅಂದಿದ್ದೆ. ಕುಣಿದಾಡಿಬಿಟ್ಟಳು. ಎರಡೂವರೆಗೆ ನೋಡ್ತೀನಿ, ಅವಳ ಬೀಗ ಸ್ವಿಚ್ಚಲ್ಲಿ ಹಾಗೇ ನೇತಾಡ್ತಿದೆ.”

ಆತ ಬೀಗವನ್ನು ಅರ್ಜಿಯ ಪಕ್ಕಕ್ಕೆ ಮೆಲ್ಲಗೆ ಇಟ್ಟ.

“ಖುಷೀಲಿ ಬೀಗ ಮರೆತು ಇಲ್ಲಿಗೆ ಓಡಿ ಬಂದಿದ್ದಾಳೆ ಅಂದ್ಕೊಂಡು, ನಗ್ತಾ ನಗ್ತಾ ಅದನ್ನ ತೆಗೆದು, ನಾನೇ ಸ್ವಿಚ್ ಹಾಕಿದೆ.”